ಕಲಬುರಗಿಯ ಬೇಸಿಗೆಯಲ್ಲಿ ಕೂತು ಓದಲು ಒಳ್ಳೆಯ ಜಾಗ ಯಾವುದು?

ಮೇ ತಿಂಗಳು ಪೂರ್ತಿ ಕಲಬುರಗಿಯಲ್ಲಿ ಇರುತ್ತೇನೆ, ನಾಲ್ಕು ಕಾದಂಬರಿ ತರುತ್ತಿದ್ದೇನೆ, ಓದಲು ಒಳ್ಳೆ ಪಾರ್ಕು, ಮರದ ನೆರಳು ಎಲ್ಲಿದೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಹುಟ್ಟಿ ಬೆಳೆದವನು, ಹಾಗಾಗಿ ನೇರವಾಗಿ ಹೇಳುತ್ತೇನೆ. ಮರದ ನೆರಳನ್ನು ನೆಚ್ಚಿಕೊಂಡು ಬರಬೇಡಿ. ಮೇನಲ್ಲಿ ಇಲ್ಲಿ 42, 43 ಡಿಗ್ರಿ ಅಂದರೆ ಮಾಮೂಲು. ಹನ್ನೊಂದು ಗಂಟೆ ದಾಟಿದರೆ ಬೇವಿನ ಮರದ ಕೆಳಗೂ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಏಪ್ರಿಲ್, ಮೇ ಬಂತಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಾನಂತೂ ಓದುವ ಜಾಗ ಹುಡುಕುವಾಗ ಮೊದಲು ನೋಡುವುದು ಗೋಡೆ ಎಷ್ಟು ದಪ್ಪ ಇದೆ ಅಂತ.

ನಾನು ಜೀವನದಲ್ಲಿ ಎಲ್ಲಕ್ಕಿಂತ ಜಾಸ್ತಿ ಓದಿದ್ದು ಚಿತ್ತಾಪುರದ ಕಡೆ ಇರುವ ಅಜ್ಜಿಯ ಮಾಳಿಗೆ ಮನೆಯಲ್ಲಿ. ಚಾವಣಿಗೆ ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ಗೋಡೆ ಎಷ್ಟು ಅಗಲ ಅಂದರೆ ಅದರೊಳಗಿನ ಗೂಡಿನಲ್ಲಿ ನಾನು ಕಾಲು ಮಡಚಿ ಕೂರುತ್ತಿದ್ದೆ. ನೆಲಕ್ಕೆ ಶಹಾಬಾದ್ ಕಲ್ಲು. ಊಟ ಆದ ಮೇಲೆ ಅಜ್ಜಿ ನೆಲದ ಮೇಲೆ ನೀರು ಚಿಮುಕಿಸಿ ಒರೆಸುತ್ತಿದ್ದಳು, ಬಾಗಿಲು ಮುಂದೆ ಮಾಡುತ್ತಿದ್ದಳು. ಆಮೇಲೆ ಒಳಗೆ ಬೆಳಕು ಅಂತ ಇರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದೇ ಒಂದು ಕೋಲು. ಕಲ್ಲಿನ ಮೇಲೆ ತಟ್ಟೆಯಷ್ಟು ಅಗಲದ ಬಿಸಿಲು. ಅದರ ಅಂಚಿಗೆ ಪುಸ್ತಕ ಇಟ್ಟು ಬೋರಲು ಮಲಗುತ್ತಿದ್ದೆ. ನಾಲ್ಕೈದು ಪುಟ ಓದುವಷ್ಟರಲ್ಲಿ ಬೆಳಕು ಮುಂದೆ ಸರಿದಿರುತ್ತಿತ್ತು, ನಾನೂ ಮೊಣಕೈ ಮೇಲೆ ಅದರ ಹಿಂದೆ ಸರಿಯುತ್ತಿದ್ದೆ. ಬೆಳಕು ನೀರಿನ ಹರವಿ ಇಟ್ಟ ಮೂಲೆ ಮುಟ್ಟಿತು ಅಂದರೆ ಚಹಾದ ಹೊತ್ತು. ನಿಮಗೆ ಪರಿಚಯದವರ ಹಳೆಯ ಮಾಳಿಗೆ ಮನೆ ಸಿಕ್ಕರೆ ಬೇರೆ ಎಲ್ಲೂ ಹುಡುಕಬೇಡಿ.

ಊರೊಳಗೆ ಅಂದರೆ ನನಗೆ ಇಷ್ಟವಾದದ್ದು ಕೋಟೆಯ ಒಳಗಿನ ಜಾಮಿಯಾ ಮಸೀದಿ. ಬಹಮನಿಗಳ ಕಾಲದ್ದು, 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ ಅಲ್ವಾ, ಇಲ್ಲಿ ಅದಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಮುಚ್ಚಿಗೆ. ಪಕ್ಕದ ಅಗಲ ಕಮಾನುಗಳಿಂದ ಬೆಳಕು ಒಳಗೆ ಬರುತ್ತದೆ, ಬಿಸಿಲು ಹೊರಗೇ ಉಳಿಯುತ್ತದೆ. ಚಪ್ಪಲಿ ಬಿಟ್ಟು, ಯಾರಿಗೂ ತೊಂದರೆ ಆಗದಂತೆ ಒಂದು ಕಂಬಕ್ಕೆ ಒರಗಿ ಕೂತರೆ ಒಂದು ತಾಸು ಹೋಗಿದ್ದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಕೋಟೆ ಬಾಗಿಲಿನಿಂದ ಅಲ್ಲಿಯವರೆಗೆ ಬಯಲಲ್ಲಿ ನಡೆಯಬೇಕು.

ಗ್ರಂಥಾಲಯಗಳಲ್ಲಿ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ. ಅವರಿಗೆ ಆ ಕುರ್ಚಿ ನಮಗಿಂತ ಜಾಸ್ತಿ ಬೇಕು, ಅದಕ್ಕೆ ನಾನು ಹೋಗುವುದಿಲ್ಲ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಬೀದರ್‌ಗೆ ಹೋಗಿ. ಅದು ನಮ್ಮೂರಿಗಿಂತ ಎತ್ತರದಲ್ಲಿದೆ, ಸಂಜೆಯ ಗಾಳಿಯೇ ಬೇರೆ. ಅಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಇರಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಮಂತ್ರಿಯಾದವನು. ಒಳಗೆ ದೊಡ್ಡ ಗ್ರಂಥಾಲಯ ಇತ್ತು, ವಿದ್ಯಾರ್ಥಿಗಳಿಗೆ ಉಳಿಯಲು ಕೋಣೆಗಳಿದ್ದವು. 1696ರಲ್ಲಿ ಸ್ಫೋಟವಾಗಿ ಒಂದು ಭಾಗ ಕುಸಿದುಹೋಯಿತು. ಉಳಿದ ಮಿನಾರಿನ ನೀಲಿ ಹೆಂಚುಗಳ ಮೇಲೆ ಇಳಿಬಿಸಿಲು ಬೀಳುವಾಗ ಕೆಳಗೆ ಪುಸ್ತಕ ಹಿಡಿದು ಕೂತಿದ್ದೇನೆ. ಐದು ನೂರು ವರ್ಷದ ಹಿಂದೆ ಇದೇ ಗೋಡೆಗಳ ನಡುವೆ ಯಾರೋ ಹುಡುಗ ಸೆಕೆಯಲ್ಲಿ ಬೆವರುತ್ತಾ ಪಾಠ ಓದುತ್ತಿದ್ದ ಅನ್ನುವುದು ನೆನಪಾದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದೆಲ್ಲ ಆಗದಿದ್ದರೆ ನಸುಕಿನಲ್ಲಿ ಮನೆಯ ಮಾಳಿಗೆ ಮೇಲೆ ಓದಿ. ಐದೂವರೆಯಿಂದ ಏಳೂವರೆ. ರಾತ್ರಿ ಅಲ್ಲೇ ಮಲಗಿದ್ದರೆ ಹಾಸಿಗೆಯಿಂದ ಏಳುವುದೂ ಬೇಡ. ಮಧ್ಯಾಹ್ನ ಕೂಲರ್ ಮುಂದೆ ಓದುವುದಾದರೆ ಸ್ವಲ್ಪ ಪಕ್ಕಕ್ಕೆ ಕೂರಿ. ಎದುರಿಗೆ ಕೂತರೆ ತೇವದ ಗಾಳಿಗೆ ಹಾಳೆ ಉಬ್ಬುತ್ತದೆ. ಮುಂಗೈ ಕೆಳಗೆ ಒಂದು ಕರವಸ್ತ್ರ ಇಟ್ಟುಕೊಳ್ಳಿ, ಬೆವರಿಗೆ ಅಕ್ಷರದ ಮೇಲೆ ಕಲೆ ಬೀಳುತ್ತದೆ. ನನ್ನ ಹಳೆಯ ಪುಸ್ತಕಗಳಲ್ಲಿ ಬಲಗಡೆ ಪುಟಗಳ ಕೆಳಗೆಲ್ಲ ಆ ಕಲೆ ಇದೆ.

ಯಾವ ಬಡಾವಣೆಯಲ್ಲಿ ಇರುತ್ತೀರಿ ಅಂತ ತಿಳಿಸಿ, ಹತ್ತಿರದ ಜಾಗ ನೋಡಿ ಹೇಳುತ್ತೇನೆ.