ಅಜ್ಜಿಗೆ ಒಂದು ಪ್ಲೇಯರ್

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯದ ಆ ತಾಯಿ ಆಪ್ತಸಲಹೆ ನೀಡುವ ನನ್ನ ಬಳಿ ಬಂದದ್ದು ಒಂದು ಖರೀದಿಯ ಪ್ರಶ್ನೆ ಹಿಡಿದು. ಮೂರೂವರೆ ವರ್ಷದ ಮಗನಿಗೆ ವಿಡಿಯೊ ನೋಡಲು ಕಡಿಮೆ ಬೆಲೆಯ, ಸರಳವಾದ ಸಾಧನ ಬೇಕಿತ್ತು. ಗಂಡ ಕಂತಿನಲ್ಲಿ ಟ್ಯಾಬ್ ತರೋಣ ಎನ್ನುತ್ತಿದ್ದರು. ತರಬಹುದೇ?

ಅಂಗಡಿಯವನನ್ನು ಕೇಳಬೇಕಾದ ಮಾತು ಎಂದು ಕಳುಹಿಸಿಬಿಡುತ್ತಿದ್ದೆನೇನೋ. ಆದರೆ ಅವರು ಎದ್ದು ಹೊರಡುವಾಗ, "ಅತ್ತೆ ನನ್ನ ಜೊತೆ ಮಾತು ಬಿಟ್ಟು ಹದಿನೈದು ದಿನವಾಯಿತು" ಎಂದರು. ಮತ್ತೆ ಕೂರಿಸಿದೆ.

ಅವರು ಬೆಳಗಿನ ರೈಲಿಗೆ ಮೈಸೂರಿಗೆ ಕೆಲಸಕ್ಕೆ ಹೋದರೆ ಮರಳುವುದು ಕತ್ತಲಾದ ಮೇಲೆ. ಗಂಡ ಸರಕು ಸಾಗಣೆಯ ವಾಹನ ಓಡಿಸುತ್ತಾರೆ. ಹಗಲೆಲ್ಲ ಮಗು ಅಜ್ಜಿಯ ಬಳಿ, ಅಜ್ಜಿಯ ಮೊಬೈಲ್ ಮಗುವಿನ ಬಳಿ. ಊಟಕ್ಕೆ ಮೊಬೈಲ್ ಬೇಕೇ ಬೇಕು. ಶಿಶುಗೀತೆಯಿಂದ ಶುರುವಾದದ್ದು ತಟ್ಟೆಯಲ್ಲಿನ ಮುದ್ದೆ ಮುಗಿಯುವ ಹೊತ್ತಿಗೆ ತಾನಾಗಿ ಮುಂದೆ ಮುಂದೆ ಹೋಗಿ ಇನ್ನೆಲ್ಲಿಗೋ ತಲುಪಿರುತ್ತಿತ್ತು. ಒಂದು ದಿನ ಏನೋ ಭಯಾನಕವಾದದ್ದನ್ನು ನೋಡಿದ ಮಗು ರಾತ್ರಿ ಬೆಚ್ಚಿ ಅಳತೊಡಗಿತು. ಸೊಸೆ ಅತ್ತೆಯ ಮೇಲೆ ರೇಗಿದರು.

ಊಟದ ಹೊತ್ತಿನಲ್ಲಿ ಮೊಬೈಲ್ ಪೂರ್ತಿ ನಿಲ್ಲಿಸಿ ಎಂದು ಹೇಳಿ ಕಳುಹಿಸಿದೆ. ಮೂರನೆಯ ದಿನಕ್ಕೆ ಅದು ಮುರಿದುಬಿತ್ತು. ಮೊಬೈಲ್ ಕೊಡುತ್ತಿದ್ದವರನ್ನು ಒಂದು ಮಾತೂ ಕೇಳದೆ ಕೊಟ್ಟ ಸಲಹೆ ಅದು, ತಪ್ಪು ನನ್ನದು. ಎರಡನೆಯ ಭೇಟಿಗೆ ಅಜ್ಜಿಯನ್ನೂ ಕರೆಸಿದೆ.

"ನೋಡಮ್ಮ, ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ಇವನು ಬಾಗಿಲು ತೆಗೆದು ರಸ್ತೆಗೆ ಓಡುತ್ತಾನೆ. ಫೋನು ಕೊಟ್ಟರೆ ಕೂತಿರುತ್ತಾನೆ. ನಿಲ್ಲಿಸೋಣವೆಂದರೆ ನನಗೆ ಬರುವುದಿಲ್ಲ, ಒಂದು ಒತ್ತಿದರೆ ಇನ್ನೊಂದು ಬರುತ್ತದೆ" ಎಂದರು ಅವರು.

ಸರಳವಾದ ಪ್ಲೇಯರ್ ಬೇಕಾಗಿದ್ದದ್ದು ಮಗುವಿಗಲ್ಲ, ಅಜ್ಜಿಗೆ! ಅವರಿಗೆ ಕನ್ನಡಕವಿಲ್ಲದೆ ನಡೆಸಲು ಬರಬೇಕು, ಇಂಟರ್ನೆಟ್ ಇರಬಾರದು, ಹಾಕಿದ್ದು ಮುಗಿದ ಮೇಲೆ ತಾನಾಗಿ ನಿಲ್ಲಬೇಕು. ಟ್ಯಾಬ್ ಅಲ್ಲಿಗೇ ಬಿದ್ದುಹೋಯಿತು. ಅದು ದೊಡ್ಡ ಮೊಬೈಲ್ ಅಷ್ಟೆ, ಮೇಲೆ ಕಂತು ಬೇರೆ. ಗಂಡ ಮೈಸೂರಿನ ಅಂಗಡಿಯೊಂದರಲ್ಲಿ ಪುಟ್ಟ ಪರದೆಯ ಹಳೆಯ ಡಿವಿಡಿ ಪ್ಲೇಯರ್ ನೋಡಿ ಬಂದರು. ನನಗೆ ಅದು ಹಿಡಿಸಿತ್ತು, ಏಕೆಂದರೆ ಡಿಸ್ಕ್‌ಗೆ ಕೊನೆ ಎಂಬುದಿದೆ. ಆದರೆ ಮಕ್ಕಳ ಕೈಗೆ ಸಿಕ್ಕ ಡಿಸ್ಕ್ ಗೀಚಿಹೋಗುತ್ತದೆ, ಕನ್ನಡದ ಡಿಸ್ಕ್‌ಗಳು ಈಗ ಸುಲಭಕ್ಕೆ ಸಿಗುವುದೂ ಇಲ್ಲ. ಬಿಟ್ಟೆವು.

ಕೊನೆಗೆ ಉತ್ತರ ಸಿಕ್ಕಿದ್ದು ಅವರ ಮನೆಯ ಟಿವಿಯ ಪಕ್ಕದಲ್ಲಿ. ಅಲ್ಲಿ ಪೆನ್‌ಡ್ರೈವ್ ಹಾಕುವ ಕಿಂಡಿ ಇತ್ತು, ಯಾರೂ ಬಳಸಿರಲಿಲ್ಲ. ಹಳೆಯ ಟಿವಿಗಳಲ್ಲಿ ಹಲವು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ, ಅಂದರೆ ಕಡತ ಇಡಲು ಅಣಿಗೊಳಿಸಿದ, ಪೆನ್‌ಡ್ರೈವನ್ನು ಮಾತ್ರ ಓದುತ್ತವೆ, ವಿಡಿಯೊ ಎಂಪಿ4 ಎಂಬ ಬಗೆಯ ಕಡತವಾಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಅದರಲ್ಲಿ ಐದೇ ವಿಡಿಯೊ ಇರಲಿ ಎಂದೆ. ಒಂದರಲ್ಲಿ ಹಿತ್ತಲಿನ ಕರು. ಇನ್ನೊಂದರಲ್ಲಿ ತಾಯಿಯೇ ಕ್ಯಾಮೆರಾ ಮುಂದೆ ಕೂತು ಹೇಳಿದ ಕಾಗೆ-ಗುಬ್ಬಿಯ ಕಥೆ. ಎಲ್ಲ ಸೇರಿ ಮೂವತ್ತೈದು ನಿಮಿಷ. ಟಿವಿಯಲ್ಲಿ ಮತ್ತೆ ಮೊದಲಿನಿಂದ ಬರುವ ಆಯ್ಕೆಯನ್ನು ತೆಗೆದುಹಾಕಿಸಿದೆ. ಐದನೆಯದು ಮುಗಿದರೆ ಪರದೆಯ ಮೇಲೆ ಬರೀ ಪಟ್ಟಿ, ಸದ್ದಿಲ್ಲ. ರಿಮೋಟ್‌ನಲ್ಲಿ ಒತ್ತಬೇಕಾದ ಗುಂಡಿಗೆ ಕೆಂಪು ಬಿಂದಿ ಅಂಟಿಸಿದರು. ಇದು ಅಜ್ಜಿಯದೇ ಉಪಾಯ. ಖರ್ಚಾದದ್ದು ಪೆನ್‌ಡ್ರೈವ್‌ಗೆ ಮಾತ್ರ.

ಇದನ್ನು ಹಾಕುವ ಹೊತ್ತು ಅಡುಗೆಯದು, ಊಟದ್ದಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟಕ್ಕೆ ಅವನದೇ ತಟ್ಟೆ, ಅವನದೇ ಕೈ, ಚೆಲ್ಲಿದರೆ ಚೆಲ್ಲಲಿ. ಬಾಗಿಲಿಗೆ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ ಎಂದೆ. ಅಜ್ಜಿಯ ಅರ್ಧ ಭಯ ಆ ಚಿಲಕಕ್ಕೇ ಇಳಿಯಿತು. ಇದಕ್ಕಾಗಿ ಆಪ್ತಸಲಹೆ ಓದಬೇಕಿತ್ತೇ ಎಂದು ನನಗೇ ನಗು ಬಂತು.

ಇನ್ನೊಂದು ಸಂಗತಿ ನನಗೆ ಕೊರೆಯುತ್ತಿತ್ತು. ಹುಡುಗ ಜಾಹೀರಾತಿನ ಸಾಲುಗಳನ್ನು ಗಿಳಿಯಂತೆ ಹೇಳುತ್ತಿದ್ದ, ಆದರೆ ನೀರು ಬೇಕಾದರೆ ಬಾಯಿಬಿಟ್ಟು ಕೇಳದೆ ಕೈ ಹಿಡಿದು ಎಳೆಯುತ್ತಿದ್ದ. ಮೊಬೈಲ್‌ನಿಂದಲೇ ಹೀಗೆ ಎಂದು ನಾನು ತೀರ್ಪು ಕೊಡಲಿಲ್ಲ, ಕೊಡುವುದೂ ಸರಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕಳುಹಿಸಿದೆ. ಕಿವಿ ಸರಿಯಾಗಿದೆ, ಮನೆಯಲ್ಲಿ ಮಾತಾಡಿಸುವ ಬಗೆಯನ್ನು ಹೇಳಿಕೊಟ್ಟಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ.

ಎರಡು ತಿಂಗಳಾಯಿತು. ಟ್ಯಾಬ್ ಬಂದಿಲ್ಲ. ಭಾನುವಾರ ಅಪ್ಪ ಮನೆಯಲ್ಲಿದ್ದರೆ ಅಪ್ಪನ ಮೊಬೈಲ್ ಮಗುವಿನ ಕೈಯಲ್ಲೇ. ಮುಂದಿನ ಭೇಟಿಗೆ ಅವರನ್ನು ಕರೆದಿದ್ದೇನೆ. ಕಳೆದ ವಾರ ಅಜ್ಜಿ ಫೋನ್ ಮಾಡಿ ದೂರು ಹೇಳಿದರು: ಸೊಸೆ ಕಾಗೆ-ಗುಬ್ಬಿಯ ಕಥೆಯ ಕೊನೆಯನ್ನು ತಪ್ಪಾಗಿ ಹೇಳಿದ್ದಾಳೆ, ಅದನ್ನು ಅಳಿಸಿಸಿ, ಹೊಸದಕ್ಕೆ ತಾವೇ ಕೂರುತ್ತಾರಂತೆ. ನನಗೆ ಹೇಳುವ ಬದಲು ಸೊಸೆಗೇ ಹೇಳಿ ಎಂದೆ. "ಹೇಳಿದ್ದಾಯಿತು, ಅವಳು ಒಪ್ಪುತ್ತಿಲ್ಲ" ಎಂದರು.