ಹಿಮ ಬಿದ್ದ ರಸ್ತೆಗೆ ಉಪ್ಪು ಹಾಕಿದರೆ ಸಾಕಾ?

ಅಮೆರಿಕದಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿದು ಕರಗಿಸುತ್ತಾರಂತೆ, ಹಾಗಿದ್ದೂ ಹೈವೇಗಳನ್ನು ಯಾಕೆ ಮುಚ್ಚುತ್ತಾರೆ, ಇನ್ನೂ ಜಾಸ್ತಿ ಉಪ್ಪು ಹಾಕಬಾರದಾ ಅಂತ ಕೇಳಿದ್ದೀರಿ. ನಾನಿರುವುದು ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿ ಕೆಲವು ವರ್ಷ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ, ಹಾಗಾಗಿ ಈ ಉಪ್ಪಿನ ವಿಷಯ ನೋಡಿ ನೋಡಿ ಗೊತ್ತಾಗಿದೆ.

ಬಿದ್ದ ಹಿಮವನ್ನೆಲ್ಲ ಉಪ್ಪಿನಿಂದ ಕರಗಿಸುವುದಿಲ್ಲ. ಅಷ್ಟು ಉಪ್ಪು ಎಲ್ಲಿಂದ ತರೋದು? ಹಿಮ ತೆಗೆಯುವುದು ಸ್ನೋ ಪ್ಲೌ, ಅಂದರೆ ಮುಂದೆ ದೊಡ್ಡ ಬ್ಲೇಡ್ ಕಟ್ಟಿಕೊಂಡ ಲಾರಿ. ಆದರೆ ಗಾಡಿಗಳು ಓಡಾಡಿ ಹಿಮ ಅದುಮಿಕೊಂಡು ರಸ್ತೆಗೇ ಕಚ್ಚಿಕೊಂಡರೆ ಬ್ಲೇಡ್‌ಗೂ ಅದು ಜಗ್ಗುವುದಿಲ್ಲ. ಆ ಕಚ್ಚುವುದನ್ನು ತಪ್ಪಿಸೋದಷ್ಟೇ ಉಪ್ಪಿನ ಕೆಲಸ. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಕುಲ್ಫಿ ಮಾಡುವವರು ಮಡಕೆಯ ಐಸ್‌ಗೆ ಕಲ್ಲುಪ್ಪು ಹಾಕುತ್ತಾರಲ್ಲ, ಅದರ ಹಿಂದಿರುವುದೂ ಇದೇ ಗುಣ.

ಇದಕ್ಕೇ ಹಿಮ ಬೀಳುವ ಮೊದಲೇ ಟ್ಯಾಂಕರ್ ಲಾರಿ ಬಂದು ರಸ್ತೆ ಮೇಲೆ ಉಪ್ಪುನೀರು ಬಿಟ್ಟು ಹೋಗುತ್ತದೆ. ಒಣಗಿದ ಮೇಲೆ ಉದ್ದಕ್ಕೂ ಬಿಳಿ ಗೆರೆಗಳು ಕಾಣುತ್ತವೆ. ನೂರಕ್ಕೆ ಸುಮಾರು 23 ಭಾಗ ಉಪ್ಪಿರುವ ನೀರು ಅದು. ಅದಕ್ಕಿಂತ ತೆಳುವಾದರೂ ಗಟ್ಟಿಯಾದರೂ ಬೇಗ ಹೆಪ್ಪುಗಟ್ಟುತ್ತದೆ. ಹಿಮಕ್ಕಿಂತ ಮೊದಲು ಮಳೆ ಬರುತ್ತೆ ಅಂತಿದ್ದರೆ ಹಾಕುವುದೇ ಇಲ್ಲ, ತೊಳೆದು ಹೋಗುತ್ತಲ್ವಾ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಚಳಿ ಏರಿದಷ್ಟೂ ಉಪ್ಪಿನ ಶಕ್ತಿ ಇಳಿಯುತ್ತದೆ. ರಸ್ತೆ ಮೈನಸ್ 1 ಡಿಗ್ರಿ ಇದ್ದಾಗ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಐಸ್ ಕರಗಿಸುತ್ತದೆ. ಮೈನಸ್ 7ಕ್ಕೆ ಬಂದರೆ ಒಂಬತ್ತು ಕಿಲೋ ಕೂಡ ಇಲ್ಲ. ಮೈನಸ್ 10 ದಾಟಿದರೆ ಬರೀ ಉಪ್ಪನ್ನು ನಂಬಿ ಕೂತುಕೊಳ್ಳುವ ಹಾಗಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಇಲ್ಲವೇ ಟೈರ್ ಜಾರದಿರಲಿ ಅಂತ ಮರಳು ಹಾಕುತ್ತಾರೆ. ಇಲ್ಲಿ ಜನವರಿಯಲ್ಲಿ ಮೈನಸ್ 25 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಲೆಕ್ಕ ನೀವೇ ಹಾಕಿ. ಸೇತುವೆಗಳದ್ದು ಇನ್ನೊಂದು ತಲೆನೋವು. ಕೆಳಗೆ ಮಣ್ಣಿನ ಬಿಸಿ ಇಲ್ಲದ್ದರಿಂದ ಉಳಿದ ರಸ್ತೆ ಚೆನ್ನಾಗಿದ್ದಾಗಲೂ ಅಲ್ಲಿ ಐಸ್ ಕಟ್ಟಿರುತ್ತದೆ.

ಹೈವೇ ಮುಚ್ಚಿಸುವುದು ಹೆಚ್ಚಾಗಿ ಗಾಳಿ. ರಾಜ್ಯದ ಪಶ್ಚಿಮಕ್ಕೆ, ನಾರ್ತ್ ಡಕೋಟ ಕಡೆಗೆ ಹೋದರೆ ಬಟಾಬಯಲು, ಒಂದು ಮರ ಸಿಕ್ಕುವುದು ಕಷ್ಟ. ಬಿದ್ದ ಒಣ ಹಿಮವನ್ನೇ ಗಾಳಿ ಎಬ್ಬಿಸಿ ತಂದು ರಸ್ತೆಗೆ ಸುರಿಯುತ್ತದೆ, ಬಾನೆಟ್ ಮುಂದೆ ಏನೂ ಕಾಣಿಸುವುದಿಲ್ಲ. ಈ ಹೊತ್ತಲ್ಲಿ ಉಪ್ಪು ಹಾಕಿದರೆ ಇನ್ನೂ ಕೆಡುತ್ತದೆ. ಒಣ ರಸ್ತೆಯಾದರೆ ಹಿಮ ಹಾರಿ ಆಚೆ ಹೋಗುತ್ತಿತ್ತು, ಉಪ್ಪಿನಿಂದ ಒದ್ದೆಯಾದ ರಸ್ತೆಗೆ ಅಂಟಿಕೊಂಡು ಐಸ್ ಆಗುತ್ತದೆ. ಪ್ಲೌ ಓಡಿಸುವವರಿಗೇ ದಾರಿ ಕಾಣದಿದ್ದರೆ ಅವರನ್ನೂ ವಾಪಸ್ ಕರೆಸಿಕೊಂಡು, ಹೈವೇಗೆ ಹತ್ತುವ ಕಡೆ ಗೇಟ್ ಹಾಕಿಬಿಡುತ್ತಾರೆ. ಸರಿಯಾದ ಕೆಲಸವೇ. ಮಧ್ಯದಲ್ಲಿ ಸಿಕ್ಕಿಕೊಂಡವರನ್ನು ಹುಡುಕೋಕೆ ಯಾರು ಹೋಗಬೇಕು?

ಇದಕ್ಕೆ ಇಲ್ಲಿ ಮಾಡುವ ಒಂದು ಉಪಾಯ ನನಗೆ ಬಹಳ ಇಷ್ಟ. ಹೈವೇ ಪಕ್ಕದ ರೈತರಿಗೆ ಸಾರಿಗೆ ಇಲಾಖೆ ದುಡ್ಡು ಕೊಟ್ಟು ಮುಸುಕಿನ ಜೋಳದ ಕೆಲವು ಸಾಲುಗಳನ್ನು ಕೊಯ್ಯದೆ ಬಿಡಿಸುತ್ತದೆ. ಗಾಳಿ ಆ ಸಾಲಿಗೆ ತಡೆದು ಹಿಮವನ್ನು ಹೊಲದಲ್ಲೇ ಇಳಿಸುತ್ತದೆ, ರಸ್ತೆ ಉಳಿಯುತ್ತದೆ.

ಜಾಸ್ತಿ ಉಪ್ಪು ಬೇಡ ಅನ್ನೋಕೆ ಇನ್ನೊಂದು ಕಾರಣ ಕೆರೆಗಳು. ಕರಗಿದ ಉಪ್ಪೆಲ್ಲ ಅಲ್ಲಿಗೇ ಹೋಗುತ್ತದೆ, ಮತ್ತೆ ತೆಗೆಯಲು ಸುಲಭದ ದಾರಿಯಿಲ್ಲ. ಒಂದು ಟೀ ಚಮಚ ಉಪ್ಪು 19 ಲೀಟರ್ ನೀರನ್ನು ಕೆಡಿಸುತ್ತದೆ ಅಂತ ಇಲ್ಲಿನ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯುವುದಂತೂ ಇದ್ದೇ ಇದೆ.

ಮುಂದೆ ಈ ಕಡೆ ಬರುವ ಯೋಚನೆ ಇದ್ದರೆ ಎರಡು ಮಾತು. ಜೋರಾಗಿ ಹಿಮ ಬಿದ್ದಾಗ ನಗರದವರು ಸ್ನೋ ಎಮರ್ಜೆನ್ಸಿ ಘೋಷಿಸುತ್ತಾರೆ. ಮಿನಿಯಾಪೊಲಿಸ್‌ನಲ್ಲಾದರೆ ಮೊದಲ ರಾತ್ರಿ 9ರಿಂದ ಗುರುತು ಮಾಡಿದ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸುವಂತಿಲ್ಲ, ಎರಡನೇ ದಿನ ಉಳಿದ ರಸ್ತೆಗಳ ಸಮ ಸಂಖ್ಯೆಯ ಮನೆಗಳ ಬದಿ, ಮೂರನೇ ದಿನ ಬೆಸ ಸಂಖ್ಯೆಯ ಬದಿ. ಮರೆತರೆ ದಂಡ ಬೀಳುತ್ತೆ, ಕಾರನ್ನೂ ಎಳೆದುಕೊಂಡು ಹೋಗಬಹುದು. ಇನ್ನು ಹೈವೇಯಲ್ಲಿ ಮುಂದೆ ಪ್ಲೌ ಹೋಗುತ್ತಿದ್ದರೆ ಸುಮ್ನೆ ದೂರ ಬಿಟ್ಟು ಹಿಂದೆ ಬನ್ನಿ, ಓವರ್‌ಟೇಕ್ ಮಾಡಬೇಡಿ. ಅದು ನಿಧಾನಕ್ಕೇ ಹೋಗುತ್ತದೆ, ಆದರೆ ಅದರ ಮುಂದಿನ ರಸ್ತೆ ಇನ್ನೂ ಕೆಟ್ಟದಾಗಿರುತ್ತದೆ.