ಬಿಪಿಎಲ್ ಕಾರ್ಡ್ ಇದ್ದರೆ ಅಪ್ಪನ ಸ್ಟೆಂಟ್‌ಗಾಗಿ ವಿಮೆ ಕೊಳ್ಳಬೇಡಿ

ಅಪ್ಪನಿಗೆ ಹೃದಯದ ರಕ್ತನಾಳದಲ್ಲಿ ಬ್ಲಾಕ್, ಅದನ್ನು ತೆರೆದಿಡಲು ಸ್ಟೆಂಟ್ (ಪುಟ್ಟ ಜಾಲರಿ ಕೊಳವೆ) ಹಾಕಬೇಕು, ಮನೆಯಲ್ಲಿ ಬಿಪಿಎಲ್ ಕಾರ್ಡ್, ಈಗ ಯಾವ ವಿಮೆ ಮಾಡಿಸಲಿ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಎದ್ದ ಪ್ರಶ್ನೆಯೇ ಇದು. ನನ್ನ ಉತ್ತರ: ಯಾವುದೂ ಬೇಡ. ಮೊದಲೇ ಇರುವ ಕಾಯಿಲೆಗೆ ಖಾಸಗಿ ವಿಮೆ ಕಂಪನಿ ಮೂರು ವರ್ಷದವರೆಗೂ ಕಾಯಿಸಬಹುದು. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಆಗಲೇ ಇದೆ.

ಜನ ಕೈ ಸುಟ್ಟುಕೊಳ್ಳುವುದು ಬೇರೆ ಕಡೆ. ಗಾಬರಿಯಲ್ಲಿ ಖಾಸಗಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಿ, ಬಿಲ್ಲನ್ನು ಆಮೇಲೆ ಕಾರ್ಡಿಗೆ ಹಾಕಿಸಿದರಾಯಿತು ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಇದು ನಗದುರಹಿತ ಯೋಜನೆ. ದುಡ್ಡು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ನೇರ ಆಸ್ಪತ್ರೆಗೆ ಹೋಗುತ್ತದೆ, ರೋಗಿಯ ಖಾತೆಗಲ್ಲ. ಅದೂ ಚಿಕಿತ್ಸೆಗೆ ಮೊದಲು ಪ್ರೀ-ಆಥ್, ಅಂದರೆ ಟ್ರಸ್ಟ್‌ನ ಪೂರ್ವಾನುಮತಿ, ಬಂದಿದ್ದರೆ ಮಾತ್ರ. ನೀವು ನಗದು ಕಟ್ಟಿದ ಗಳಿಗೆಯಲ್ಲೇ ಆಸ್ಪತ್ರೆಯ ಲೆಕ್ಕದಲ್ಲಿ ಸಾಮಾನ್ಯ ರೋಗಿಯಾಗಿಬಿಡುತ್ತೀರಿ.

ಆದ್ದರಿಂದ ಮೊದಲು ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಿ. ಪಡಿತರ ಚೀಟಿ, ಅಪ್ಪನ ಆಧಾರ್, ಆಂಜಿಯೋಗ್ರಾಂ ವರದಿ ಮತ್ತು ಸಿಡಿ ಜೊತೆಗಿರಲಿ. ಚೀಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ವ್ಯತ್ಯಾಸದಿಂದಲೂ ಕಡತ ನಿಂತುಬಿಡಬಹುದು. ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ವೈದ್ಯರು ರೆಫರಲ್ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರ್‌ಗೆ ಹೋಗುವ ಮುಂಚೆ ಆರೋಗ್ಯ ಮಿತ್ರರನ್ನು (ಯೋಜನೆಯ ಕೆಲಸಕ್ಕೆಂದು ಆಸ್ಪತ್ರೆಯಲ್ಲಿರುವ ಸಹಾಯಕರು) ಕಾಣಿ, ಪ್ರೀ-ಆಥ್ ಬಂದ ಮೇಲೆಯೇ ಅಡ್ಮಿಟ್ ಮಾಡಿ. ನನ್ನನ್ನು ಕೇಳಿದರೆ ಮೊದಲು ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವ: ಬೆಂಗಳೂರು, ಮೈಸೂರು, ಕಲಬುರಗಿ ಮೂರೂ ಕಡೆ ಇದೆ. ಎದೆನೋವು ಜೋರಾಗಿ ಹೃದಯಾಘಾತವೇ ಆದರೆ ರೆಫರಲ್‌ಗೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಅದು ಬೇಕಿಲ್ಲ.

"ಒಳ್ಳೆ ಸ್ಟೆಂಟ್ ಬೇಕಾದರೆ ಮೇಲೆ ಸ್ವಲ್ಪ ಕೊಡಿ" ಅಂದರೆ ಒಪ್ಪಬೇಡಿ. ಯೋಜನೆ ಈ ಚಿಕಿತ್ಸೆಗೆ ಕೊಡುವ ಪ್ಯಾಕೇಜ್ ದರದೊಳಗೇ ಸ್ಟೆಂಟ್ ಬರುತ್ತದೆ. ದುಡ್ಡು ಕೇಳಿದವರ ಹೆಸರು, ಹೊತ್ತು ಬರೆದಿಟ್ಟುಕೊಂಡು ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೆ ದೂರು ಕೊಡಿ.

ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿಯೂ ಯೋಜನೆಯದ್ದೇ. ಅಲ್ಲಿಂದಾಚೆಗಿನ ಗುಳಿಗೆ ಖರ್ಚು, ಹೊರರೋಗಿ ತಪಾಸಣೆ ಇದರಲ್ಲಿ ಬರಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ದುಡ್ಡಿಲ್ಲವೆಂದು ಬಿಟ್ಟರೆ ಹಾಕಿದ ಸ್ಟೆಂಟೇ ಮುಚ್ಚಿಕೊಳ್ಳಬಹುದು. ವಿಮೆ ಕಂತಿಗೆಂದು ಎತ್ತಿಟ್ಟ ಹಣ ಅದಕ್ಕಿರಲಿ, ಜನೌಷಧಿ ಅಂಗಡಿಯಲ್ಲಿ ಅದೇ ಗುಳಿಗೆ ಬಹಳ ಕಡಿಮೆಗೆ ಸಿಗುತ್ತದೆ.